ಗೋಡೆಯೊಳಗಿನ ಕಬ್ಬಿಣದ ಗುಂಡು: ಹಳೆಯ ಜಾರುಕಿಟಕಿಯನ್ನು ನಾನೇ ಬಿಚ್ಚಿ ಸರಿಪಡಿಸಿದ್ದು

ನಮ್ಮ ಮನೆಯ ಕಿಟಕಿಗಳಲ್ಲಿ ಗಾಜು ಕೂರಿಸಿದ ಎರಡೆರಡು ಮರದ ಪಡಿಗಳಿವೆ. ಒಂದು ಮೇಲೆ, ಒಂದು ಕೆಳಗೆ. ಎರಡೂ ಚೌಕಟ್ಟಿನೊಳಗೆ ಮೇಲಕ್ಕೂ ಕೆಳಕ್ಕೂ ಜಾರಬೇಕು. ಜಾರುವುದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾಗಿದ್ದವು. ಕಿತ್ತು ಹೊಸದು ಹಾಕಿಸಿ ಎಂದು ನೋಡಿದವರೆಲ್ಲ ಹೇಳಿದರು. ನನಗೆ ಮನಸ್ಸಾಗಲಿಲ್ಲ. ಎಳೆ ಒತ್ತೊತ್ತಾಗಿರುವ ಗಟ್ಟಿ ಮರ ಅದು. ದಬ್ಬಳದಿಂದ ಚುಚ್ಚುತ್ತಾ ಹೋದಾಗ ಮೆತ್ತಗೆ ಸಿಕ್ಕಿದ್ದು ಕೆಳಗಿನ ಅಡ್ಡಪಟ್ಟಿಯ ಒಂದು ಮೂಲೆ ಮಾತ್ರ.

ಮರ ಉಬ್ಬಿ ಬಿಗಿದುಕೊಂಡಿದೆ ಎಂದು ಬಹಳ ದಿನ ನಂಬಿದ್ದೆ. ಹಿಡಿದುಕೊಂಡಿದ್ದದ್ದು ಬಣ್ಣ. ಒಂದರ ಮೇಲೊಂದು ಬಳಿದ ಪದರಗಳು ಪಡಿಯನ್ನೂ ಪಟ್ಟಿಯನ್ನೂ ಸೇರಿಸಿ ಅಂಟಿಸಿಬಿಟ್ಟಿದ್ದವು. ಒಳಗಿನಿಂದಲೂ ಹೊರಗಿನಿಂದಲೂ ಸಂದಿನುದ್ದಕ್ಕೂ ಚಾಕುವಿನಿಂದ ಗೀರಿದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಆದ್ದರಿಂದ ಒಣಗಿದ್ದಾಗ ಎಂದೂ ಉಜ್ಜಬೇಡಿ. ನೀರು ಚಿಮುಕಿಸಿ ಹೆರೆದೆ, ಸೂಕ್ಷ್ಮ ಧೂಳನ್ನು ತಡೆಯುವ ಮುಖಗವಸು ಹಾಕಿಕೊಂಡೆ, ಕೆಳಗೆ ಹಾಸಿದ್ದ ಪ್ಲಾಸ್ಟಿಕ್ಕನ್ನು ಹೊಟ್ಟಿನ ಸಮೇತ ಮಡಚಿ ತೆಗೆದೆ. ಕೆಲಸ ಮುಗಿಯುವವರೆಗೆ ಮಕ್ಕಳನ್ನು ಆ ಕೋಣೆಗೆ ಬಿಡಲಿಲ್ಲ.

ಪಡಿಯನ್ನು ಒಳಗಡೆಯಿಂದ ತಡೆದು ನಿಲ್ಲಿಸುವ ಪಟ್ಟಿಯನ್ನು ತುದಿಯಿಂದ ಮೀಟಿದರೆ ಸೀಳುತ್ತದೆ. ನಡುಭಾಗದಿಂದ ಶುರುಮಾಡಿದರೆ ಬಿಲ್ಲಿನಂತೆ ಬಾಗಿ ತಾನಾಗಿ ಬಿಟ್ಟುಕೊಳ್ಳುತ್ತದೆ. ಮೊಳೆಗಳನ್ನು ಹಿಂಬದಿಯಿಂದಲೇ ಎಳೆದು ತೆಗೆಯಬೇಕು; ಮುಂದಿನಿಂದ ಬಡಿದರೆ ಮುಖದ ಮರ ಚಕ್ಕೆಯೇಳುತ್ತದೆ.

ಇನ್ನು ಹಗ್ಗ. ಪಡಿಯ ಎರಡೂ ಮಗ್ಗುಲಿಗೆ ಕಟ್ಟಿದ ಹತ್ತಿಯ ಹಗ್ಗ ಮೇಲಿನ ರಾಟೆಯ ಮೂಲಕ ಹಾದು ಚೌಕಟ್ಟಿನ ಬದಿಯ ಟೊಳ್ಳಿನೊಳಗೆ ಇಳಿಯುತ್ತದೆ. ಅದರ ತುದಿಯಲ್ಲಿ ಬೀಡುಕಬ್ಬಿಣದ ಗುಂಡು. ನಮ್ಮದರಲ್ಲಿ ಒಂದು ಹಗ್ಗ ಆಗಲೇ ತುಂಡಾಗಿತ್ತು. ಇನ್ನೊಂದನ್ನು ಬಿಚ್ಚುವ ಮೊದಲು ರಾಟೆಯ ಹತ್ತಿರ ದೊಡ್ಡ ಗಂಟು ಹಾಕಿದೆ. ಇಲ್ಲದಿದ್ದರೆ ಗುಂಡು ಧಡಕ್ಕನೆ ಒಳಗೆ ಬಿದ್ದುಬಿಡುತ್ತದೆ.

ಬಿದ್ದ ಗುಂಡನ್ನು ತೆಗೆಯಲು ಗೋಡೆ ಒಡೆಯಬೇಕೇನೋ ಎಂದು ಹೆದರಿದ್ದೆ. ಚೌಕಟ್ಟಿನ ಬದಿಯ ಕೆಳಭಾಗವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟುತ್ತಾ ಹೋದೆ. ಒಂದು ಕಡೆ ಸದ್ದು ಬದಲಾಯಿತು. ಬಣ್ಣ ಹೆರೆದಾಗ ಕೂದಲೆಳೆಯಷ್ಟು ತೆಳ್ಳನೆಯ ಗೆರೆ, ಅದರ ಕೆಳತುದಿಯಲ್ಲಿ ಒಂದು ತಿರುಪುಮೊಳೆ ಕಂಡವು. ಅದು ಅಂಗೈ ಅಗಲದ ಮುಚ್ಚಳ. ತೆಗೆದರೆ ಒಳಗೆ ಹಳೆಯ ಧೂಳು, ಹರಿದ ಹಗ್ಗದ ಮೋಟು ಕಚ್ಚಿಕೊಂಡು ಮಲಗಿದ್ದ ಕಬ್ಬಿಣದ ಗುಂಡು. ಮುಂದೊಂದು ದಿನ ಹಗ್ಗ ಹರಿಯುತ್ತದೆ ಎಂದು ತಿಳಿದೇ ಅಂದಿನ ಬಡಗಿ ಆ ಬಾಗಿಲನ್ನು ಇಟ್ಟಿದ್ದ. ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಎರಡೂ ಬದಿಯ ಗುಂಡುಗಳು ಸೇರಿ ಹೆಚ್ಚುಕಡಿಮೆ ಪಡಿಯಷ್ಟೇ ತೂಗುತ್ತವೆ. ಕೆಳಗಿನ ಪಡಿಯ ಗುಂಡುಗಳು ಅದಕ್ಕಿಂತ ಒಂದಿಷ್ಟು ಹಗುರ, ಪಡಿ ಕೆಳಗೆ ಕೂರಲಿ ಎಂದು. ಮೇಲಿನದರವು ಒಂದಿಷ್ಟು ಭಾರ, ಅದು ಮೇಲೆಯೇ ನಿಲ್ಲಲಿ ಎಂದು. ಒಡೆದ ಗಾಜಿನ ಬದಲು ದಪ್ಪ ಗಾಜು ಹಾಕಿದರೆ ಈ ಲೆಕ್ಕ ಕೆಡುತ್ತದೆ.

ಹೊಸ ಹಗ್ಗ ಹಾಕಲು ದಾರದ ತುದಿಗೆ ಬಾಗಿಸಿದ ಸಣ್ಣ ಮೊಳೆ ಕಟ್ಟಿ ರಾಟೆಯ ಮೇಲಿಂದ ಇಳಿಬಿಟ್ಟೆ. ಅದು ಮುಚ್ಚಳದ ಬಾಯಿಗೆ ಬಂದಾಗ ಹಿಡಿದು, ಹಿಂದೆಯೇ ಹಗ್ಗ ಎಳೆದುಕೊಂಡೆ. ಉದ್ದದಲ್ಲಿ ಮೊದಲ ಸಲ ತಪ್ಪಿದೆ. ಪಡಿ ಪೂರ್ತಿ ಮೇಲಿದ್ದಾಗ ಗುಂಡು ತಳಕ್ಕೆ ತಾಗಕೂಡದು, 5ರಿಂದ 8 ಸೆಂಟಿಮೀಟರ್ ಮೇಲೆ ತೂಗಾಡಬೇಕು. ನನ್ನದು ತಳಕ್ಕೆ ಕೂತಿತು, ಹಗ್ಗ ಸಡಿಲವಾಯಿತು, ಪಡಿ ಮೇಲೆ ನಿಲ್ಲಲಿಲ್ಲ. ಹತ್ತಿಯ ಹಗ್ಗ ಭಾರಕ್ಕೆ ಹಿಗ್ಗುತ್ತದೆ. ಎರಡನೆಯ ಸಲ ರಾತ್ರಿಯಿಡೀ ಗುಂಡು ತೂಗುಹಾಕಿ, ಬೆಳಿಗ್ಗೆ ಅಳೆದು ಕತ್ತರಿಸಿದೆ.

ಗಾಜಿನ ಸುತ್ತಲಿನ ಪುಟ್ಟಿ ಕಲ್ಲಾಗಿತ್ತು. ಬಿಸಿಗಾಳಿಯ ಯಂತ್ರ ಹಿಡಿದೆ. ಒಂದು ಗಾಜು ಮೂಲೆಯಿಂದ ಮೂಲೆಗೆ ಸೀಳಿತು. ನೋಟವನ್ನು ನೀರಿನಂತೆ ಅಲುಗಿಸುವ ಆ ಹಳೆಯ ಗಾಜು ಹೋದದ್ದು ಇಂದಿಗೂ ನೋಯುತ್ತದೆ. ಉಳಿದವಕ್ಕೆ ಹಬೆ ಕೊಟ್ಟೆ. ಪುಟ್ಟಿ ಮೆತ್ತಗಾಗಿ ಎದ್ದು ಬಂತು. ಹೊಸ ಪುಟ್ಟಿಯನ್ನು ಬರಿಯ ಮರಕ್ಕೆ ಹಚ್ಚಿದರೆ ಅದರಲ್ಲಿರುವ ಅಗಸೆ ಎಣ್ಣೆಯನ್ನು ಮರ ಹೀರಿಕೊಳ್ಳುತ್ತದೆ, ಪುಟ್ಟಿ ಬಿರಿಯುತ್ತದೆ. ಮೊದಲು ಎಣ್ಣೆಯ ಪ್ರೈಮರ್, ಆಮೇಲೆ ತೆಳುವಾಗಿ ಪುಟ್ಟಿಯ ಹಾಸು, ಅದರ ಮೇಲೆ ಗಾಜು, ಗಾಜನ್ನು ಹಿಡಿದಿಡುವ ತ್ರಿಕೋನದ ತಗಡಿನ ಚೂರುಗಳು, ಕೊನೆಗೆ ಹೊರಬದಿಯ ಇಳಿಜಾರು ಪುಟ್ಟಿ. ಮೇಲ್ಪದರ ಗಟ್ಟಿಯಾಗಲು ಎರಡು ವಾರ ಕಾದೆ. ಬಣ್ಣವನ್ನು ಗಾಜಿನ ಮೇಲೂ 2 ಮಿಲಿಮೀಟರಿನಷ್ಟು ಹತ್ತಿಸಿದರೆ ಮಳೆನೀರು ಸಂದಿಗೆ ಇಳಿಯುವುದಿಲ್ಲ.

ಕೊಳೆತ ಮೂಲೆಯನ್ನು ಗಟ್ಟಿ ಮರ ಸಿಗುವವರೆಗೆ ಕೆತ್ತಿ, ಒಣಗಿಸಿ, ಎಪಾಕ್ಸಿ ತುಂಬಿದೆ. ಎರಡು ಪಡಿಗಳ ನಡುವಿನ ತೆಳುಪಟ್ಟಿ ತೆಗೆಯುವಾಗಲೇ ಮುರಿದಿತ್ತು, ಹೊಸದು ಮಾಡಿಸಿಕೊಂಡೆ. ಪಡಿ ಜಾರುವ ದಾರಿಗೆ ಬಣ್ಣ ಬಳಿಯಲಿಲ್ಲ, ಮೇಣದಬತ್ತಿ ಉಜ್ಜಿದೆ.

ಕೂರಿಸಿದ ಸಂಜೆ ಎರಡು ಬೆರಳಿನಲ್ಲಿ ಎತ್ತಿದೆ. ಪಡಿ ಮೇಲೇರಿತು, ಗುಂಡುಗಳು ಗೋಡೆಯೊಳಗೆ ಮೆಲ್ಲಗೆ ತಟ್ಟುತ್ತಾ ಇಳಿದವು. ಪಕ್ಕದ ಕೋಣೆಯ ಕಿಟಕಿಯ ಬಣ್ಣವನ್ನು ನಿನ್ನೆ ಗೀರಲು ಶುರುಮಾಡಿದ್ದೇನೆ.