ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ಯುವ ಮುನ್ನ

ಹಾವೇರಿ ಜಿಲ್ಲೆಯ ಬ್ಯಾಡಗಿ ಸಣ್ಣ ಊರು. ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ ರೈಲು ನಿಲ್ಲುತ್ತದೆ. 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಬಂದರೆ ಮೋಟೆಬೆನ್ನೂರಿನಲ್ಲಿ ತಿರುಗಬೇಕು. ಊರಿನ ಒಳಗೂ ಸುತ್ತಲೂ ಗೋದಾಮು, ಖಾರದಪುಡಿ ಕಾರ್ಖಾನೆ, ಶೀತಲಗೃಹ, ತೊಟ್ಟು ಬಿಡಿಸುವ ಹೆಂಗಸರ ಗುಂಪು. ಇವೆಲ್ಲ ಒಂದೇ ಕಾಯಿಯನ್ನು ನಂಬಿಕೊಂಡಿವೆ. ಇಲ್ಲಿನ ಕಾಯಿ ಖಾರ ಕಡಿಮೆ, ಬಣ್ಣ ಜಾಸ್ತಿ ಎಂದು ಹೆಸರುವಾಸಿ. ಹಾಗಿದ್ದೂ ಎಪಿಎಂಸಿ ಪ್ರಾಂಗಣಕ್ಕೆ ಕಾಲಿಟ್ಟ ಹೊಸಬರಿಗೆ ಸೀನು ತಪ್ಪಿದ್ದಲ್ಲ. ಬಾಯಿಗೆ ಕಟ್ಟಿಕೊಳ್ಳಲು ಒಂದು ಟವೆಲ್ ಇಟ್ಟುಕೊಳ್ಳಿ.

ಸಂತೆ ಸೋಮವಾರ ಮತ್ತು ಗುರುವಾರ. ಡಿಸೆಂಬರ್‌ನಲ್ಲಿ ಹೊಸ ಕಾಯಿ ಬರಲು ಶುರುವಾಗಿ, ಜನವರಿಯಿಂದ ಮಾರ್ಚ್‌ವರೆಗೆ ಆವಕ ಏರುತ್ತದೆ, ಮೇ ಹೊತ್ತಿಗೆ ಇಳಿಯುತ್ತದೆ. ಧಾರವಾಡ, ಗದಗ, ಬಳ್ಳಾರಿ, ರಾಯಚೂರು ಕಡೆಯದ್ದಲ್ಲದೆ ಆಂಧ್ರದ ಕಾಯಿಯೂ ಲಾರಿಗಟ್ಟಲೆ ಬರುತ್ತದೆ. ಆದ್ದರಿಂದ ನಿಮ್ಮ ತಾಲ್ಲೂಕಿನಲ್ಲಿ ಬೆಳೆ ಕಡಿಮೆಯಾಗಿದೆ ಎಂಬ ಲೆಕ್ಕ ಇಟ್ಟುಕೊಂಡು ದರ ಏರುತ್ತದೆಂದು ಕೂರಬೇಡಿ.

ದರ ಟೆಂಡರಿನಲ್ಲಿ ನಿಗದಿಯಾಗುತ್ತದೆ ಎನ್ನುವುದು ಅರ್ಧ ಸತ್ಯ. ಬಹುಪಾಲು ದರ ನಿಮ್ಮ ಕಣದಲ್ಲೇ ತೀರ್ಮಾನವಾಗಿರುತ್ತದೆ.

ಕೊಯ್ಲು ಮತ್ತು ಒಣಗಿಸುವುದು

ಕಾಯಿ ಪೂರ್ತಿ ಕೆಂಪಾಗಿ, ಗಿಡದಲ್ಲೇ ಸ್ವಲ್ಪ ಬಾಡಿದ ಮೇಲೆ ಬಿಡಿಸಿ. ಅರ್ಧ ಹಸಿರು, ಅರ್ಧ ಕೆಂಪಿನ ಕಾಯಿ ಒಣಗಿದಾಗ ಬಿಳಿಚಿಕೊಳ್ಳುತ್ತದೆ. ಇಂಥವು ಸೇರಿಬಿಟ್ಟಿದ್ದರೆ ನೆರಳಿನಲ್ಲಿ ಗುಡ್ಡೆ ಹಾಕಿ, ಗೋಣಿತಾಟು ಹೊದಿಸಿ ಒಂದೆರಡು ದಿನ ಬಿಡಿ. ಬಣ್ಣ ಒಂದೇ ಸಮ ಆಗುತ್ತದೆ. ಅದಕ್ಕಿಂತ ಹೆಚ್ಚು ದಿನ ಬಿಟ್ಟರೆ ಒಳಗೆ ಬಿಸಿಯೇರಿ ಕಾಯಿ ಕೊಳೆಯುತ್ತದೆ.

ಬರೀ ನೆಲದ ಮೇಲೆ ಹರವಬೇಡಿ. ಮಣ್ಣು, ಕಲ್ಲು, ಕಸ ಸೇರಿದರೆ ದರ ಕತ್ತರಿಸಲು ನೆಪ ನೀವೇ ಕೊಟ್ಟಂತೆ. ಸಿಮೆಂಟ್ ಕಣ ಒಳ್ಳೆಯದು, ಇಲ್ಲದಿದ್ದರೆ ತಾಡಪಾಲು. ಎರಡು-ಮೂರು ಬೆರಳಿಗಿಂತ ದಪ್ಪ ಹರವದೆ, ದಿನಕ್ಕೆ ಮೂರ್ನಾಲ್ಕು ಸಲ ಕೈಯಾಡಿಸಿ. ತಾಡಪಾಲಿನ ದೋಷವೊಂದಿದೆ: ಕೆಳಗಿನ ಪದರದ ನೀರು ಹೊರಹೋಗಲು ದಾರಿ ಸಿಗದೆ ಕಾಯಿಯ ಹೊಟ್ಟೆ ಬೆವರುತ್ತದೆ. ಮೇಲಿನವು ಗರಿಗರಿ, ಅಡಿಯವು ಮೆತ್ತಗೆ. ಅದಕ್ಕೇ ಕೈಯಾಡಿಸುವುದು. ಸಂಜೆ ಗುಡ್ಡೆ ಮಾಡಿ ಮುಚ್ಚಿಡಿ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಮತ್ತೆ ಹರವಿ. ಒಳ್ಳೆಯ ಬಿಸಿಲಿದ್ದರೆ 10ರಿಂದ 15 ದಿನ ಹಿಡಿಯುತ್ತದೆ. ಒಣಗಿದ ಮೇಲೂ ಬಿಸಿಲಿನಲ್ಲೇ ಬಿಟ್ಟಿರಬೇಡಿ, ಬಣ್ಣ ಹಾರಿಹೋಗುತ್ತದೆ. ಬ್ಯಾಡಗಿಯಲ್ಲಿ ಬಣ್ಣವೇ ಹಣ.

ತೇವಾಂಶ ಶೇ 10–11ಕ್ಕೆ ಇಳಿಯಬೇಕು. ತೇವ ಅಳೆಯುವ ಮೀಟರ್ ಇಲ್ಲದಿದ್ದರೆ ಹೀಗೆ ನೋಡಿ. ಒಂದು ಹಿಡಿ ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಬೀಜ ಗಿಲಿಗಿಲಿ ಎನ್ನಬೇಕು. ಆಮೇಲೆ ಗುಡ್ಡೆಯ ತಳದಿಂದ ನಾಲ್ಕು ಕಾಯಿ ತೆಗೆದು, ಉದ್ದಕ್ಕೆ ಸೀಳಿ ತೊಟ್ಟಿನ ಬುಡ ನೋಡಿ. ಬೀಜ ಬಂಗಾರದ ಹಳದಿ ಇದ್ದು, ಒಳಸಿಪ್ಪೆ ಹೊಳೆಯುತ್ತಿದ್ದರೆ ಸರಿ. ಬೀಜ ಕಂದಾಗಿ ಒಂದಕ್ಕೊಂದು ಅಂಟಿಕೊಂಡಿದ್ದರೆ, ತೊಟ್ಟಿನ ಕೆಳಗೆ ಬೂದು ಬಣ್ಣದ ಬೂಷ್ಟು ಕಂಡರೆ ಆ ಕಾಯಿ ಇನ್ನೂ ಒಣಗಿಲ್ಲ, ಅಥವಾ ಆಗಲೇ ಕೆಟ್ಟಿದೆ. ಖರೀದಿದಾರರು ಇದನ್ನೇ ಮಾಡುತ್ತಾರೆ. ಹೊರಗಿನ ಹೊಳಪಿಗೆ ಮರುಳಾಗುವವರು ಅವರಲ್ಲ.

ನೀರು ಚಿಮುಕಿಸುವ ಆಸೆ

ತೀರಾ ಒಣಗಿದ ಕಾಯಿ ಚೀಲಕ್ಕೆ ತುಂಬುವಾಗ ಒಡೆಯುತ್ತದೆ, ಬೀಜ ಉದುರುತ್ತದೆ. ಅದನ್ನು ತಪ್ಪಿಸಲೆಂದು ಹಿಂದಿನ ರಾತ್ರಿ ನೀರು ಚಿಮುಕಿಸುವ ರೂಢಿ ಹಲವು ಕಡೆ ಇದೆ. ಜೊತೆಗೆ ತೂಕವೂ ಬರುತ್ತದಲ್ಲ ಎಂಬ ಆಸೆ. ಲೆಕ್ಕ ಹಾಕಿ ನೋಡಿ. ಶೇ 11 ತೇವದ 10 ಕ್ವಿಂಟಲ್ ಕಾಯಿ ಶೇ 16 ತೇವಕ್ಕೆ ಏರಿದರೆ ಸುಮಾರು 10.6 ಕ್ವಿಂಟಲ್ ಆಗುತ್ತದೆ, ಅಂದರೆ 60 ಕಿಲೊ ಲಾಭ. ಉದಾಹರಣೆಗೆ ಕ್ವಿಂಟಲ್‌ಗೆ 25,000 ರೂಪಾಯಿ ದರ ಇದೆ ಅಂದುಕೊಳ್ಳಿ. ಹಸಿ ಎಂಬ ಕಾರಣಕ್ಕೆ ಕ್ವಿಂಟಲ್‌ಗೆ 1,400 ರೂಪಾಯಿ ಕಡಿಮೆ ಬರೆದರೆ ಆ ಲಾಭವೆಲ್ಲ ಕೈತಪ್ಪಿತು. ಹಸಿ ಕಾಯಿಗೆ ಅಷ್ಟಕ್ಕೇ ನಿಲ್ಲಿಸುವವರು ಕಡಿಮೆ. ಟೆಂಡರನ್ನೇ ಹಾಕದೆ ಲಾಟ್, ಅಂದರೆ ಒಟ್ಟಿಗೆ ಮಾರಾಟಕ್ಕಿಟ್ಟ ಚೀಲಗಳ ಗುಂಪು, ಬಿಟ್ಟು ಹೋಗುವುದೂ ಉಂಟು.

ಇದಕ್ಕಿಂತ ದೊಡ್ಡ ತೊಂದರೆ ಅಫ್ಲಾಟಾಕ್ಸಿನ್, ಬೂಷ್ಟು ಬಿಡುವ ವಿಷ. ಯುರೋಪಿಗೆ ಹೋಗುವ ಮೆಣಸಿನಕಾಯಿಯಲ್ಲಿ ಬಿ1 ಬಗೆಯದ್ದು ಕಿಲೊಗೆ 5 ಮೈಕ್ರೊಗ್ರಾಂ, ಎಲ್ಲ ಬಗೆಯೂ ಸೇರಿ 10 ಮೈಕ್ರೊಗ್ರಾಂ ಮೀರುವಂತಿಲ್ಲ. ರಫ್ತಿಗೆ ಕೊಳ್ಳುವವರು ಹಸಿ ಲಾಟ್ ಮುಟ್ಟಲು ಹೆದರುವುದು ಇದಕ್ಕೇ.

ಒಡೆಯದಂತೆ ತುಂಬಲು ನೀರು ಬೇಡ. ಬೆಳಗಿನ ಜಾವ, ಬಿಸಿಲೇರುವ ಮುಂಚೆ ತುಂಬಿ. ಆ ಹೊತ್ತಿನ ಗಾಳಿಯ ತಂಪಿಗೆ ಸಿಪ್ಪೆ ತಾನೇ ಮೆತ್ತಗಾಗಿರುತ್ತದೆ. ಹೊಳಪಿಗೆ ಎಣ್ಣೆ ಸವರುವ ಕೆಲಸಕ್ಕೂ ಹೋಗಬೇಡಿ, ಅಂಗೈಗೆ ಉಜ್ಜಿದ ತಕ್ಷಣ ಗೊತ್ತಾಗುತ್ತದೆ.

ಆರಿಸುವುದು, ಬೇರ್ಪಡಿಸುವುದು

ಪೇಟೆಯಲ್ಲಿ ಮೂರು ಹೆಸರು ಮುಖ್ಯ: ಡಬ್ಬಿ, ಕಡ್ಡಿ, ಗುಂಟೂರು. ಡಬ್ಬಿ ಗಿಡ್ಡ, ದುಂಡಗೆ, ಬೀಜ ಹೆಚ್ಚು. ಮಸಾಲೆ ಪುಡಿಗೆ ಇದನ್ನು ಹುಡುಕಿಕೊಂಡು ಬರುತ್ತಾರೆ. ಕಡ್ಡಿ ಉದ್ದ, ತೆಳ್ಳಗೆ, ಮೈತುಂಬ ಸುಕ್ಕು, ಬೀಜ ಕಡಿಮೆ. ಬಣ್ಣದ ಸಾರ, ಅಂದರೆ ಓಲಿಯೊರೆಸಿನ್ ತೆಗೆಯುವವರಿಗೆ ಇದು ಬೇಕು. ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ವರೆಗೂ ಈ ಕೆಂಪು ಹೋಗುತ್ತದೆ. ಗುಂಟೂರು ತಳಿಯದ್ದು ಖಾರದ ವ್ಯಾಪಾರ, ಅದರ ದರದ ದಾರಿಯೇ ಬೇರೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದೆ. ಆದರೆ ಟೆಂಡರ್ ದಿನ ಆ ಹೆಸರಿಗಿಂತ ಲಾಟ್‌ನ ಅಚ್ಚುಕಟ್ಟಿಗೆ ಬೆಲೆ.

ಈ ಮೂರನ್ನು ಒಂದರೊಳಗೊಂದು ಬೆರೆಸಬೇಡಿ. ಮೊದಲ ಕೊಯ್ಲಿನದು, ಎರಡನೆಯದು, ಕೊನೆಯದು ಬೇರೆ ಬೇರೆ ಚೀಲದಲ್ಲಿರಲಿ. ಮೊದಲ ಕೊಯ್ಲಿನ ಒಳ್ಳೆಯ ಕಾಯಿಗೆ ಕೊನೆಯ ಕೊಯ್ಲಿನ ಸಣ್ಣಗಾಯಿ ಸೇರಿಸಿ ‘ಸರಾಸರಿ’ ದರ ಸಿಗುತ್ತದೆ ಎಂದುಕೊಳ್ಳುವವರಿದ್ದಾರೆ. ಸಿಗುವುದು ಸರಾಸರಿಯಲ್ಲ, ಕೆಟ್ಟದ್ದರ ದರ.

ಬಿಳಿಗಾಯಿಯ, ಅಂದರೆ ಒಣಗಿದಾಗ ಬಿಳಿಚಿಕೊಂಡ ಕಾಯಿಯ ಮಾತು ಸ್ವಲ್ಪ ಬೇರೆ. ಆರಿಸಿದರೆ ಲಾಭವೇ ಎಂದು ಎಲ್ಲರೂ ಹೇಳುತ್ತಾರೆ, ಲೆಕ್ಕ ಯಾವಾಗಲೂ ಹಾಗೆ ಬರುವುದಿಲ್ಲ. 10 ಕ್ವಿಂಟಲ್‌ನಲ್ಲಿ ಒಂದೂವರೆ ಕ್ವಿಂಟಲ್ ಬಿಳಿಗಾಯಿ ಇದೆ ಅನ್ನಿ. ಆರಿಸಿದ ಕೆಂಪಿಗೆ 30,000, ಬಿಳಿಗಾಯಿಗೆ 8,000 ಸಿಕ್ಕರೆ ಒಟ್ಟು 2,67,000 ರೂಪಾಯಿ. ಬೆರಕೆಯಾಗಿ 26,000ದಂತೆ ಮಾರಿದರೆ 2,60,000. ಏಳು ಸಾವಿರದ ವ್ಯತ್ಯಾಸದಲ್ಲಿ ಆರಿಸುವ ಆಳಿನ ಕೂಲಿ ಕಳೆಯಿರಿ. ಅದೇ ಬೆರಕೆಗೆ 27,000 ಸಿಗುವಂತಿದ್ದರೆ ಆರಿಸಿದ್ದೇ ನಷ್ಟ. ಹಿಂದಿನ ಎರಡು ಸಂತೆಗಳ ದರ ಕೇಳಿ, ಇದೇ ಗುಣಾಕಾರ ಮಾಡಿ ನಿರ್ಧರಿಸಿ. ಆದರೆ ಬೂಷ್ಟು ಹಿಡಿದದ್ದು, ಕಪ್ಪಾದದ್ದು ಒಂದು ಹಿಡಿಯೂ ಇರಬಾರದು. ಅದಕ್ಕೆ ಲೆಕ್ಕದ ಅಗತ್ಯವಿಲ್ಲ.

ತೊಟ್ಟು ಬಿಡಿಸಬೇಡಿ. ತೊಟ್ಟಿದ್ದರೆ ಕಾಯಿ ಬಾಯಿಬಿಡುವುದಿಲ್ಲ, ಬೀಜ ಉದುರುವುದಿಲ್ಲ, ಹುಳವೂ ಬೇಗ ಒಳಸೇರುವುದಿಲ್ಲ. ಬೇಕಾದವರು ಕೊಂಡ ಮೇಲೆ ಬಿಡಿಸಿಕೊಳ್ಳುತ್ತಾರೆ.

ಸಾಗಣೆ ಮತ್ತು ಪ್ರಾಂಗಣ

ಗೊಬ್ಬರದ ಪ್ಲಾಸ್ಟಿಕ್ ಚೀಲ ಬೇಡ, ಗಾಳಿಯಾಡುವ ಗೋಣಿಚೀಲವೇ ಇರಲಿ. ಆವಕದ ಲೆಕ್ಕದಲ್ಲಿ ಚೀಲಕ್ಕೆ ಸುಮಾರು 25 ಕಿಲೊ, ಅಂದರೆ ನಾಲ್ಕು ಚೀಲಕ್ಕೆ ಒಂದು ಕ್ವಿಂಟಲ್. ಕಾಲಿನಿಂದ ತುಳಿದು ತುಂಬಿದರೆ ಜಾಗ ಉಳಿಯುತ್ತದೆ, ಕಾಯಿ ಉಳಿಯುವುದಿಲ್ಲ. ಹೊರಡುವ ಮುನ್ನ ಮನೆಯಲ್ಲೇ ತೂಗಿ, ಪ್ರತಿ ಚೀಲದ ತೂಕ ಬರೆದಿಟ್ಟುಕೊಳ್ಳಿ. ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಝೆರಾಕ್ಸ್ ಜೊತೆಗಿರಲಿ.

ಹಿಂದಿನ ರಾತ್ರಿಯೇ ಹೋಗಿ ಇಳಿಸುವುದು ಒಳ್ಳೆಯದು, ಸಂತೆಯ ಬೆಳಿಗ್ಗೆ ಊರಿನ ಇಕ್ಕಟ್ಟು ರಸ್ತೆಯಲ್ಲಿ ಗಾಡಿ ಸಿಕ್ಕಿಕೊಂಡರೆ ದಿನ ಕೈಬಿಟ್ಟಂತೆ. ಗೇಟಿನಲ್ಲಿ ನೋಂದಣಿಯಾಗಿ ಲಾಟ್ ನಂಬರ್ ಬೀಳುತ್ತದೆ. ಆ ಚೀಟಿಯ ಫೋಟೊ ತೆಗೆದುಕೊಳ್ಳಿ. ಹೆಸರು, ತಳಿ, ಚೀಲದ ಸಂಖ್ಯೆ ಸರಿ ಇದೆಯೇ ಎಂದು ಅಲ್ಲೇ ಓದಿ. ಕಡ್ಡಿ ಎಂದು ಬರೆಯಬೇಕಾದಲ್ಲಿ ಗುಂಟೂರು ಎಂದು ಬಿದ್ದರೆ ಆಮೇಲೆ ತಿದ್ದಿಸುವುದು ಕಷ್ಟ. ದಲಾಲರ ಅಂಗಡಿಯ ಮುಂದೆ ಹಮಾಲರು ಚೀಲ ಜೋಡಿಸುತ್ತಾರೆ. ಮೇಲೆ ಚೆಂದದ್ದು, ಅಡಿಯಲ್ಲಿ ಕಳಪೆ ಎಂಬ ಚಾಲಾಕಿ ಮಾಡಬೇಡಿ. ಕೈ ಮೊಣಕೈವರೆಗೆ ಚೀಲದೊಳಗೆ ಹೋಗುತ್ತದೆ.

ಬೆಳಿಗ್ಗೆ ಖರೀದಿದಾರರು ಲಾಟ್ ನೋಡಿಕೊಂಡು ಹೋಗಿ ಇ-ಟೆಂಡರಿನಲ್ಲಿ ದರ ನಮೂದಿಸುತ್ತಾರೆ. ಆ ಹೊತ್ತಿನಲ್ಲಿ ನೀವು ಚೀಲದ ಪಕ್ಕದಲ್ಲೇ ಇರಿ. ದರ ಘೋಷಣೆಯಾದ ಮೇಲೆ ಒಪ್ಪದಿರುವ ಹಕ್ಕು ನಿಮಗಿದೆ. ಒಪ್ಪಿಲ್ಲವಾದರೆ ತೂಕ ಶುರುವಾಗುವ ಮೊದಲೇ ದಲಾಲರಿಗೆ ಹೇಳಬೇಕು. ದಲಾಲರಿಂದ ಬಿತ್ತನೆ ಕಾಲದಲ್ಲಿ ಮುಂಗಡ ತೆಗೆದುಕೊಂಡವರಿಗೆ ಈ ‘ಬೇಡ’ ಎನ್ನುವುದೇ ಬಾಯಿಗೆ ಬರುವುದಿಲ್ಲ. ಮುಂಗಡದ ನಿಜವಾದ ಬಡ್ಡಿ ಅದು.

ತೂಕ ಎಲೆಕ್ಟ್ರಾನಿಕ್ ಕಾಟಾದಲ್ಲಿ ಆಗಲಿ. ಚೀಲ ಇಡುವ ಮುನ್ನ ಸೊನ್ನೆ ತೋರಿಸುತ್ತಿದೆಯೇ ನೋಡಿ. ಖಾಲಿ ಚೀಲದ ತೂಕ ಕಳೆಯುವುದು ನ್ಯಾಯ, ಅದರಾಚೆ ಸ್ಯಾಂಪಲ್ ಎಂದೋ ಮತ್ತೊಂದೆಂದೋ ಕಡಿತವಾದರೆ ಕೇಳಿ. ಮಾರುಕಟ್ಟೆ ಶುಲ್ಕವೂ ದಲಾಲಿಯೂ ಖರೀದಿದಾರರ ಮೇಲೆ ಬೀಳುವಂಥವು, ರೈತರ ಲೆಕ್ಕದಲ್ಲಿ ಕಡಿಯುವಂತಿಲ್ಲ. ಅದೇ ದಿನ ಅಧಿಕೃತ ಲೆಕ್ಕದ ಪಟ್ಟಿ ಪಡೆಯಿರಿ. ಬಿಳಿ ಚೀಟಿಯ ಮೇಲೆ ಬರೆದುಕೊಟ್ಟರೆ ಬೇಡ ಎನ್ನಿ. ನಾಳೆ ಹಣ ನಿಂತರೆ ಆ ಚೀಟಿ ಹಿಡಿದು ಯಾವ ಬಾಗಿಲು ಬಡಿದರೂ ಪ್ರಯೋಜನವಿಲ್ಲ.

ದರ ಬಿದ್ದ ದಿನ

2024ರ ಮಾರ್ಚ್ 11, ಸೋಮವಾರ. ದರ ಕುಸಿದದ್ದಕ್ಕೆ ರೊಚ್ಚಿಗೆದ್ದ ರೈತರಿಂದ ಇದೇ ಎಪಿಎಂಸಿಯಲ್ಲಿ ಕಲ್ಲುತೂರಾಟವಾಗಿ, ವಾಹನಗಳಿಗೆ ಬೆಂಕಿ ಬಿತ್ತು. ಆವಕ ಉಕ್ಕುವ ಮಾರ್ಚ್‌ನಲ್ಲಿ ಕುಸಿತ ಹೊಸದಲ್ಲ. ಆದ್ದರಿಂದ ಮನೆಯಿಂದ ಹೊರಡುವಾಗಲೇ ಒಂದು ಅಂಕಿ ಬರೆದಿಟ್ಟುಕೊಳ್ಳಿ: ಇದಕ್ಕಿಂತ ಕೆಳಗೆ ಕೊಡುವುದಿಲ್ಲ. ಸಾಧ್ಯವಾದರೆ ಎಲ್ಲವನ್ನೂ ಒಂದೇ ಸಂತೆಗೆ ಒಯ್ಯದೆ ಎರಡು-ಮೂರು ಸಂತೆಗೆ ಹಂಚಿ.

ಆ ಅಂಕಿ ಸಿಗದಿದ್ದರೆ ಶೀತಲಗೃಹ. ಚೀಲಕ್ಕೆ ಬಾಡಿಗೆ ಎಷ್ಟು, ತಿಂಗಳಿಗೋ ಹಂಗಾಮಿಗೋ, ವಿಮೆ ಇದೆಯೇ, ಅಡಮಾನ ಸಾಲ ಸಿಗುತ್ತದೆಯೇ, ಇಷ್ಟನ್ನು ಕೇಳಿಯೇ ಇಳಿಸಿ. ಹೊರಗಿನ ಗೋದಾಮಿನಲ್ಲಿ ಬೇಸಿಗೆ ಕಳೆದರೆ ಬಣ್ಣ ಮಾಸುತ್ತದೆ, ತಂಪಿನಲ್ಲಿ ನಿಲ್ಲುತ್ತದೆ. ಆದರೆ ಹಸಿ ಕಾಯಿಯನ್ನು ಶೀತಲಗೃಹ ಒಣಗಿಸಿಕೊಡುವುದಿಲ್ಲ, ಇಟ್ಟ ತೇವ ಇಟ್ಟಂತೆಯೇ ಇರುತ್ತದೆ. ಹೊರತೆಗೆದ ದಿನವೇ ಚೀಲದ ಬಾಯಿ ಬಿಚ್ಚಬೇಡಿ. ತಣ್ಣನೆಯ ಕಾಯಿಗೆ ಹೊರಗಿನ ಬಿಸಿಗಾಳಿ ತಾಗಿದರೆ ಮೈಮೇಲೆ ನೀರು ಕೂರುತ್ತದೆ. ಕಟ್ಟಿದಂತೆಯೇ ನೆರಳಿನಲ್ಲಿ ಒಂದು ದಿನ ಬಿಟ್ಟು, ಮರುದಿನದ ಸಂತೆಗೆ ಇಳಿಸಿ.