ಘೋಷಣೆ ಕೂಗುವ ಮೊದಲು ಒಪ್ಪಂದದ ಪ್ರತಿ ಹುಡುಕಿ

ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದಲ್ಲಿ ಜಗಳ ಶುರುವಾಗಿದ್ದು ಗೋಣಿಚೀಲದಿಂದ. ದಿನಕ್ಕೆ ಇಷ್ಟು ಕೆ.ಜಿ. ಹಣ್ಣು ಕೊಯ್ಯಬೇಕು, ಜಾಸ್ತಿ ಕೊಯ್ದರೆ ಕೆ.ಜಿ.ಗೆ ಇಂತಿಷ್ಟು ಅಂತ ಒಪ್ಪಂದವಿತ್ತು. ಆ ವರ್ಷ ಸಂಜೆ ತೂಗುವಾಗ ರೈಟರು, ಅಂದರೆ ತೋಟದ ಗುಮಾಸ್ತರು, ಚೀಲದ ಲೆಕ್ಕಕ್ಕೆ ಎರಡು ಕೆ.ಜಿ. ಕಳೆಯತೊಡಗಿದರು. ಖಾಲಿ ಗೋಣಿ ಎಲ್ಲಾದರೂ ಅಷ್ಟು ತೂಗುತ್ತದಾ? ಮರುದಿನ ಅರ್ಧಕ್ಕರ್ಧ ಜನ ಕೆಲಸಕ್ಕೆ ಇಳಿಯಲಿಲ್ಲ. ತೋಟದವರು ಕೇಳಿದ್ದು ಒಂದೇ ಮಾತು: ‘ಒಪ್ಪಂದದಲ್ಲಿ ಎಲ್ಲಿದೆ, ತೋರಿಸಿ.’ ಮುಖಂಡರ ಹತ್ತಿರ ಪ್ರತಿಯೇ ಇರಲಿಲ್ಲ. ಕೊನೆಗೆ ಅದು ಸಿಕ್ಕಿದ್ದು ಕಾರ್ಮಿಕರ ಲೈನ್ ಮನೆಯೊಂದರ ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಅಡಿಯಲ್ಲಿ. ‘ನಿವ್ವಳ ತೂಕ’ ಅಂತ ಬರೆದಿತ್ತು. ಚೀಲಕ್ಕೆ ಎಷ್ಟು ಕಳೆಯಬೇಕು ಅಂತ ಇರಲಿಲ್ಲ.

ಮೊದಲು ಕಾಗದ ಓದಿ

ಒಪ್ಪಂದದ ಪ್ರತಿ ಕೈಗೆ ಬಂದ ಕೂಡಲೇ ಸಹಿಗಳನ್ನು ನೋಡಿ. ಯೂನಿಯನ್ ಮತ್ತು ಮಾಲೀಕರು ತಾವು ತಾವೇ ಕೂತು ಮಾಡಿಕೊಂಡ ಒಪ್ಪಂದ ಆ ಎರಡು ಕಡೆಯವರನ್ನು ಮಾತ್ರ ಕಟ್ಟಿಹಾಕುತ್ತದೆ. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಎದುರು ಆದದ್ದು ತೋಟದ ಎಲ್ಲ ಕಾರ್ಮಿಕರಿಗೂ ಅನ್ವಯಿಸುತ್ತದೆ. ಬೇರೆ ಯೂನಿಯನ್ನಿನವರು, ಯಾವ ಯೂನಿಯನ್ನೂ ಇಲ್ಲದವರು, ಆಮೇಲೆ ಅಸ್ಸಾಂನಿಂದ ಬಂದು ತೋಟದ ಹಾಜರಿ ಪಟ್ಟಿಗೆ ಸೇರಿದವರು, ಎಲ್ಲರೂ ಅದರೊಳಗೆ. ಹಳೇ ಮುಖಂಡರು ಇದನ್ನೇ ‘12(3) ಒಪ್ಪಂದ’ ಅನ್ನುವುದು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಕಲಂ ಅದು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಹೆಸರು ಮಾತ್ರ ಬಾಯಲ್ಲಿ ಉಳಿದಿದೆ.

ಆಮೇಲೆ ತಾರೀಕು. ಎಲ್ಲರೂ ಎಡವುವುದು ಇಲ್ಲೇ. ‘ಅವಧಿ ಮುಗೀತು, ಇನ್ನು ಒಪ್ಪಂದ ಇಲ್ಲ’ ಅಂತ ಎರಡೂ ಕಡೆಯವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಒಂದು ಕಡೆಯವರು ಒಪ್ಪಂದ ಮುಗಿಸುತ್ತೇವೆ ಅಂತ ಲಿಖಿತ ನೋಟಿಸ್ ಕೊಟ್ಟು 60 ದಿನ ಕಳೆಯುವವರೆಗೂ ಅದು ಜೀವಂತ. ಅವಧಿಯೇ ಬರೆದಿಲ್ಲವಾದರೆ ಆರು ತಿಂಗಳು ಅಂತ ಲೆಕ್ಕ. ಆಮೇಲೂ ಇದೇ ನೋಟಿಸಿನ ನಿಯಮ.

ಕೊಡಗಿನವರು ಈ 60 ದಿನವನ್ನು ಕ್ಯಾಲೆಂಡರ್ ನೋಡಿಯೇ ಎಣಿಸಬೇಕು. ಕೈಲ್ ಮುಹೂರ್ತದ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಶುರುವಿಗೆ ನೋಟಿಸ್ ಕೊಟ್ಟರೆ ನವೆಂಬರ್ ಮೊದಲ ವಾರಕ್ಕೆ ಮುಗಿಯುತ್ತದೆ. ಅರೇಬಿಕಾ ಹಣ್ಣಾಗುವ ಕಾಲ, ಆಳು ಬೇಕೇ ಬೇಕು. ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ಬರುವ ಸುಗ್ಗಿ ಹಬ್ಬ ಹುತ್ತರಿ ಆದಮೇಲೆ ಕೊಟ್ಟಿರೋ, 60 ದಿನ ಮುಗಿಯುವಾಗ ಅರೇಬಿಕಾ ಕೊಯ್ಲು ಬಹುಪಾಲು ಮುಗಿದಿರುತ್ತದೆ. ಮಾಲೀಕರಿಗೂ ಈ ಲೆಕ್ಕ ಚೆನ್ನಾಗಿ ಗೊತ್ತು ಬಿಡಿ.

ಮಾತಿಗೆ ಕೂರುವುದು ಯಾರು?

ಒಂದೇ ತೋಟದಲ್ಲಿ ಎರಡು ಮೂರು ಬಾವುಟ ಇದ್ದರೆ, ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇ 51 ಮಂದಿ ಯಾವ ಯೂನಿಯನ್ ಕಡೆಗಿದ್ದಾರೋ ಅದೇ ಮಾತಿಗೆ ಕೂರುತ್ತದೆ. ಯಾರಿಗೂ ಅಷ್ಟಿಲ್ಲದಿದ್ದರೆ ಶೇ 20ರಷ್ಟಾದರೂ ಬೆಂಬಲ ಇರುವ ಯೂನಿಯನ್ನುಗಳು ಒಟ್ಟಿಗೆ ಕೂರಬೇಕು. ಸದಸ್ಯರ ಪಟ್ಟಿ ಸರಿಯಾಗಿ ಇಟ್ಟುಕೊಳ್ಳಿ.

ದೂರು ಬರೆಯುವ ರೀತಿ

‘ಅನ್ಯಾಯವಾಗಿದೆ’ ಅಂತ ಸುಮ್ನೆ ಬರೆದರೆ ಆಗದು. ಯಾವ ಕಲಂ, ಯಾವ ದಿನ, ಯಾರಿಗೆ ಎಷ್ಟು ಕಡಿತ, ಇಷ್ಟು ಬೇಕು. ತೂಕದ ಚೀಟಿಗಳ ಫೋಟೊ ತೆಗೆದಿಡಿ. ಮಳೆಗೆ ಚೀಟಿ ನೆಂದರೆ ಅಕ್ಷರವೇ ಇರುವುದಿಲ್ಲ. ಸಂಬಳ, ಕೆಲಸದ ಹೊತ್ತಿನಂಥ ವಿಷಯಗಳನ್ನು ಮಾಲೀಕರು ತಾವಾಗಿ ಬದಲಾಯಿಸುವುದಾದರೆ 21 ದಿನ ಮೊದಲು ನೋಟಿಸ್ ಕೊಡಬೇಕು. ಕೊಟ್ಟಿಲ್ಲವೇ? ಅದನ್ನೂ ಬರೆಯಿರಿ. ಪತ್ರ ಕೊಟ್ಟು ಇನ್ನೊಂದು ಪ್ರತಿಗೆ ಸಹಿ, ಸೀಲು ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ರಿಜಿಸ್ಟ್ರೇಷನ್ ಮಾಡಿಸಿ ಕಳಿಸಿ.

ಉತ್ತರ ಬರಲಿಲ್ಲವೆಂದರೆ ಮಡಿಕೇರಿಯ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ. ಸಂಧಾನಕ್ಕೆ 45 ದಿನ. ಮುಷ್ಕರದ ನೋಟಿಸ್ ಇದ್ದರೆ 14 ದಿನ. ಸಂಧಾನ ಮುರಿದರೆ ಸಂಧಾನಾಧಿಕಾರಿಯ ವರದಿ ಕೈಸೇರಿದ 90 ದಿನದೊಳಗೆ ನೇರವಾಗಿ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದು. ಮೊದಲಿನ ಹಾಗೆ ಸರ್ಕಾರ ಕಳಿಸಿಕೊಡಲಿ ಅಂತ ಕಾಯಬೇಕಿಲ್ಲ.

ಮುಷ್ಕರ

14 ದಿನ ಮೊದಲು ನೋಟಿಸ್ ಕೊಡದೆ ಮುಷ್ಕರ ಮಾಡುವಂತಿಲ್ಲ. ಸಂಧಾನ ನಡೆಯುವಾಗ ಮತ್ತು ಅದು ಮುಗಿದ ಮೇಲೆ ಏಳು ದಿನ ಮಾಡುವಂತಿಲ್ಲ. ಒಪ್ಪಂದ ಜಾರಿಯಲ್ಲಿರುವಾಗ ಅದರಲ್ಲಿರುವ ವಿಷಯಕ್ಕೂ ಇಲ್ಲ. ಅರ್ಧದಷ್ಟು ಜನ ಮಾತಾಡಿಕೊಂಡು ಒಂದೇ ದಿನ ರಜೆ ಹಾಕಿದರೆ ಅದೂ ಮುಷ್ಕರವೇ! ‘ಜ್ವರ, ಬರಲ್ಲ’ ಅನ್ನುವ ಹಳೇ ಉಪಾಯ ಈಗ ನಡೆಯುವುದಿಲ್ಲ. ಇಷ್ಟೊಂದು ಬೇಲಿ ಹಾಕಿದ್ದು ನನಗಂತೂ ಸರಿ ಕಾಣುವುದಿಲ್ಲ. ಆದರೂ ಬೇಲಿ ಎಲ್ಲಿದೆ ಅಂತ ಗೊತ್ತಿರಲಿ.

ಗೋಣಿಚೀಲದ ಜಗಳ ಕೋರ್ಟಿಗೆ ಹೋಗಲಿಲ್ಲ. ಮುಂದಿನ ಒಪ್ಪಂದದಲ್ಲಿ ಒಂದು ಸಾಲು ಸೇರಿತು: ‘ಪ್ರತಿದಿನ ಖಾಲಿ ಚೀಲವನ್ನು ಕಾರ್ಮಿಕರ ಎದುರು ತೂಗಿ, ಅಷ್ಟನ್ನೇ ಕಳೆಯತಕ್ಕದ್ದು.’ ಮೊದಲ ದಿನ ತಕ್ಕಡಿಗೆ ಹಾಕಿದ ಗೋಣಿ 700 ಗ್ರಾಂ ಇತ್ತು.