ತಂಡದವರು ತಾವಾಗಿಯೇ ಮುಂದೆ ಬರಬೇಕು ಅಂದರೆ

ಟೀಮ್ ಲೀಡ್ ಆಗಿರುವವರಿಗೆ ಒಂದು ಮಾತು. "ನಮ್ಮವರು ಹೇಳಿದಷ್ಟೇ ಮಾಡುತ್ತಾರೆ" ಅಂತ ಗೊಣಗುವ ಮೊದಲು, ಕಳೆದ ಸಲ ಯಾರೋ ಹೊಸದೇನೋ ಹೇಳಿದಾಗ ನೀವು ಏನಂದಿರಿ ಅಂತ ನೆನಪು ಮಾಡಿಕೊಳ್ಳಿ. ಮೀಟಿಂಗ್‌ನಲ್ಲಿ ಎಲ್ಲರ ಮುಂದೆ "ಅದೆಲ್ಲ ಆಗಲ್ಲ ಬಿಡಿ" ಅಂದಿದ್ದರೆ ಅವರು ಮತ್ತೆ ಬಾಯಿ ಬಿಡುವುದಿಲ್ಲ, ಪಕ್ಕದಲ್ಲಿ ಕೂತವರೂ ಅಷ್ಟೇ. ತಪ್ಪು ಹೇಳಿಕೊಳ್ಳಲು ಹೆದರಬೇಕಿಲ್ಲದ ತಂಡ ಜಾಸ್ತಿ ಕಲಿಯುತ್ತದೆ ಅಂತ ಹಾರ್ವರ್ಡ್‌ನ ಪ್ರಾಧ್ಯಾಪಕಿ ಏಮಿ ಎಡ್ಮಂಡ್ಸನ್ 1999ರಲ್ಲೇ ತೋರಿಸಿದ್ದಾರೆ.

ಹಾಗಂತ ಸುಮ್ನೆ "ನಿಮಗಿಷ್ಟ ಬಂದಂತೆ ಮಾಡಿ" ಅಂದು ಕೈ ತೊಳೆದುಕೊಂಡರೂ ಕೆಲಸ ಸಾಗಲ್ಲ. ಕೇಳದೆ ಎಲ್ಲಿವರೆಗೆ ನಿರ್ಧರಿಸಬಹುದು ಅಂತ ಮೊದಲೇ ಹೇಳಿ. "ಗ್ರಾಹಕರ ಮೇಲ್‌ಗೆ ನೀವೇ ಉತ್ತರಿಸಿ, ರಿಯಾಯಿತಿ ಕೊಡುವುದಿದ್ದರೆ ಮಾತ್ರ ನನ್ನನ್ನು ಕೇಳಿ" ಅನ್ನುವಷ್ಟು ಸ್ಪಷ್ಟವಾಗಿ. ಆಮೇಲೆ ಆ ಮೇಲ್ ತೆರೆದು ಒಂದೊಂದು ಪದ ತಿದ್ದುತ್ತಾ ಕೂರಬೇಡಿ, ದಯವಿಟ್ಟು!